ಲುಕಪ್ ಗ್ರಾಫನ್ನ ಆಪ್ಟಿಮೈಜರ್ ಕೈಗೆ ಕೊಡೋಕಿಂತ ಮುಂಚೆ

ಪ್ರಶ್ನೆ: ಸರ್, ನಮ್ಮೂರು ಭಾಲ್ಕಿ ತಾಲೂಕಿನಾಗ ಬರ್ತದ. ಎಂ.ಟೆಕ್ ಪ್ರಾಜೆಕ್ಟಿಗೆ ವೆನ್‌ಸಿಮ್ ಅನ್ನೋ ಸಿಮ್ಯುಲೇಶನ್ ಸಾಫ್ಟ್‌ವೇರ್ ಒಳಗ ಕಾರಂಜಾ ತರದ್ದೊಂದು ಜಲಾಶಯದ ಮಾಡೆಲ್ ಕಟ್ಟೀನಿ. ಮೂರು ಲುಕಪ್ ಅವ, ಅಂದ್ರ ಒಂದು ಬೆಲೆ ಕೊಟ್ರ ಅದಕ್ಕ ತಕ್ಕ ಇನ್ನೊಂದು ಬೆಲೆ ಹೇಳೋ ಗ್ರಾಫ್‌ಗಳು. ಸಂಗ್ರಹ ನೋಡಿ ನೀರಿನ ಹರವು (ನೀರು ಹರಡಿದ ವಿಸ್ತೀರ್ಣ) ಕೊಡೋದು ಒಂದು, ತಿಂಗಳು ನೋಡಿ ಒಳಹರಿವು ಕೊಡೋದು ಒಂದು, ಸಂಗ್ರಹ ನೋಡಿ ಕಾಲುವಿಗೆ ಎಷ್ಟು ಬಿಡಬೇಕು ಅಂತ ಹೇಳೋದು ಒಂದು. ಆಪ್ಟಿಮೈಜೇಶನ್ (ಎಲ್ಲಕ್ಕಿಂತ ಚಲೋ ಫಲ ಕೊಡೋ ನಂಬರ್ ಹುಡುಕಿಸೋದು) ಮಾಡಾಕ ಹೋದ್ರ ಹುಡುಕೋ ಪ್ಯಾರಾಮೀಟರ್ ಪಟ್ಟಿಯೊಳಗ ಲುಕಪ್‌ಗಳು ಬರ್ತಾನೇ ಇಲ್ಲ. ಅದಕ್ಕ ಬಿಡುಗಡೆ ಲುಕಪ್ ಮುಂದ ಒಂದು ಗುಣಕ ಹಾಕಿ ನಡೆಸಿದೆ, ಆದ್ರ ಶುರುವಿನ ನಂಬರ್ ಬದಲಿಸಿದಂಗ ಉತ್ತರನೂ ಬದಲಾಗ್ತದ, ಒಮ್ಮೆ 1.4 ಒಮ್ಮೆ 1.9. ನಡುನಡುವ ಲುಕಪ್ ರೇಂಜ್ ಮೀರ್ಯದ ಅಂತ ವಾರ್ನಿಂಗ್ ಬೇರೆ. ಗೈಡ್ ಕೇಳಿದ್ರ ಏನ್ ಹೇಳ್ಲಿ? ಕಾಲೇಜ್ ಲ್ಯಾಬ್‌ನಾಗ ಫುಲ್ ವರ್ಶನ್ ಅದ, ಮನಿಯಾಗ ಫ್ರೀ ವರ್ಶನ್ ಅಷ್ಟೇ.

ಉತ್ತರ: ನಿಮ್ಮ ಪ್ರಶ್ನೆ ಓದಿ ಖರೇನೇ ಖುಷಿ ಆತು, ಯಾಕಂದ್ರ ನಮ್ ಕಡಿ ಹುಡುಗ್ರು ಹುಡುಗ್ಯಾರು ನಮ್ಮ ನೀರಿನ ಮ್ಯಾಲೇ ಮಾಡೆಲ್ ಕಟ್ಟಾಕತ್ತಾರ ಅನ್ನೋದೇ ದೊಡ್ಡ ಮಾತು. ಮೊದಲ ಒಂದು ಹೇಳಿಬಿಡ್ತೀನಿ, ನಿಮ್ಮ ಆಪ್ಟಿಮೈಜರ್ ತಪ್ಪು ಮಾಡಿಲ್ಲ. ಅದು ನೀವು ಕೇಳಿದ್ದಕ್ಕ ಸರಿಯಾಗೇ ಉತ್ತರ ಕೊಟ್ಟದ, ಆದ್ರ ಕೇಳಿದ ರೀತಿಯೊಳಗ ತೊಡಕದ. ಮತ್ತ ಮೂರು ಲುಕಪ್ ಅವ ಅಂದ್ರಲ್ಲ, ಆ ಮೂರೂ ನೋಡಾಕ ಒಂದೇ ತರದ ಗ್ರಾಫ್ ಆದ್ರೂ ಮೂರೂ ಬ್ಯಾರೆ ಬ್ಯಾರೆ ಜಾತಿ, ಅವನ್ನ ಒಂದೇ ತಕ್ಕಡಿಯೊಳಗ ತೂಗಬಾರದು. ಸಂಗ್ರಹ ಮತ್ತ ಹರವಿನ ಲುಕಪ್ ಅಂದ್ರ ನೆಲದ ಆಕಾರ, ಅದನ್ನ ಸರ್ವೇ ಮಾಡಿ ಅಳದಾರ. ಒಳಹರಿವಿನ ಲುಕಪ್ ಅಂದ್ರ ಆಗಿಹೋದ ಮಳಿಯ ದಾಖಲೆ. ಬಿಡುಗಡೆ ಲುಕಪ್ ಒಂದೇ ಮನುಷ್ಯರು ತೊಗೊಳ್ಳೋ ನಿರ್ಧಾರ. ಆಪ್ಟಿಮೈಜರ್‌ಗೆ ತಿರುಗಿಸೋ ಹಕ್ಕಿರೋದು ಆ ಮೂರನೇದರ ಮ್ಯಾಲ ಅಷ್ಟೇ, ಉಳದ ಎರಡನ್ನ ಅದು ಮುಟ್ಟಲೇಬಾರದು.

ಇದನ್ನ ಇಷ್ಟು ಒತ್ತಿ ಹೇಳಾಕ ಕಾರಣ ಅದ. ಭಾಳ ವರ್ಷದ ಹಿಂದ ನಾನು ಒಂದು ಸಣ್ಣ ಕೆರಿ ಮಾಡೆಲ್ ಮಾಡಿದ್ದೆ, ಯಾದಗಿರಿ ಕಡಿ ಕೆರಿ ಅದು, ಮಾಡೆಲ್ ಹೇಳೋ ನೀರಿನ ಮಟ್ಟಕ್ಕೂ ಅಳದ ಮಟ್ಟಕ್ಕೂ ಹೊಂದ್ಕಿ ಆಗ್ತಿರಲಿಲ್ಲ, ಬ್ಯಾಸಗಿಯೊಳಗ ಮಾಡೆಲ್‌ನ ಕೆರಿ ತುಂಬಿರ್ತಿತ್ತು ಖರೇ ಕೆರಿ ಒಣಗಿರ್ತಿತ್ತು. ಆಗ ನಾನು ಏನ್ ಮಾಡಿದೆ ಅಂದ್ರ ಹರವಿನ ಗ್ರಾಫಿನ ಎಂಟು ಪಾಯಿಂಟ್‌ಗಳನ್ನೂ ಕ್ಯಾಲಿಬ್ರೇಶನ್‌ಗೆ, ಅಂದ್ರ ಅಳದ ಮಟ್ಟಕ್ಕ ಹೊಂದೋ ಹಂಗ ತಿದ್ದಾಕ, ಆಪ್ಟಿಮೈಜರ್ ಕೈಗೆ ಬಿಟ್ಟುಕೊಟ್ಟೆ. ಎಷ್ಟು ಚೆಂದ ಹೊಂದಿತ್ತಂದ್ರ ಎರಡು ಗೆರೆ ಒಂದರ ಮ್ಯಾಲ ಒಂದು ಕೂತ್ಹಂಗ ಕಾಣ್ತಿತ್ತು. ಆಮೇಲ ಗ್ರಾಫ್ ತೆಗದು ನೋಡಿದ್ರ ನೀರು ಏರಿದಂಗ ಕೆರಿಯ ಹರವು ನಡುವ ಒಂದು ಕಡಿ ಕಡಿಮಿ ಆಗಿತ್ತು. ಅಂಥ ಕೆರಿ ಭೂಮಿ ಮ್ಯಾಲ ಎಲ್ಲೂ ಇರಾಕ ಸಾಧ್ಯ ಇಲ್ಲ. ಅಸಲಿ ಕಾರಣ ಏನಂದ್ರ ನಾನು ಇಂಗೋ ನೀರಿನ ಹರಿವನ್ನೇ ಮಾಡೆಲ್‌ನಾಗ ಇಟ್ಟಿರಲಿಲ್ಲ, ಆಪ್ಟಿಮೈಜರ್ ಆ ಕೊರತೆಯನ್ನ ಹರವಿನೊಳಗ ತುಂಬಿತ್ತು, ಹರವು ಹೆಚ್ಚಾದ್ರ ಆವಿ ಹೆಚ್ಚು ಅಲ್ಲೇನ್ರಿ, ಹಂಗ ನೀರು ಖರ್ಚು ತೋರಿಸಿತ್ತು. ಒಂದು ಹಂಗಾಮು ಪೂರಾ ಹಾಳಾತು ಇದನ್ನ ಹಿಡಿಯಾಕ. ಅದಕ್ಕ ಸರ್ವೇ ಆದ ಲುಕಪ್ ಮುಟ್ಟಬ್ಯಾಡ್ರಿ ಅಂತ ಕೈಮುಗಿದು ಹೇಳ್ತೀನಿ.

ಈಗ ಒಂದೊಂದೇ ಲುಕಪ್ ನೋಡೋಣ.

ಹರವಿನದು ಮೊದಲ. ಲೆಕ್ಕ ಸಲೀಸಾಗ್ಲಿ ಅಂತ ಒಂದು ಕಾಲ್ಪನಿಕ ಜಲಾಶಯ ಹಿಡಿಯೋಣ, ತುಂಬಿದಾಗ 200 ಮಿಲಿಯನ್ ಘನ ಮೀಟರ್. ನಮ್ ಕಡಿ ಎಲ್ಲರೂ ಟಿಎಂಸಿಯಾಗ ಮಾತಾಡ್ತಾರ, ಒಂದು ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ, ಮೀಟರಿಗೆ ತಂದ್ರ ಸುಮಾರು 28.3 ಮಿಲಿಯನ್ ಘನ ಮೀಟರ್, ಅಂದ್ರ ಇದು ಸುಮಾರು 7 ಟಿಎಂಸಿ ಆತು. ಮಾಡೆಲ್ ಒಳಗ ಒಂದೇ ಅಳತಿ ಇಟ್ಕೋರಿ, ಅರ್ಧ ಟಿಎಂಸಿ ಅರ್ಧ ಘನ ಮೀಟರ್ ಇಟ್ರ ಯಾವ ಆಪ್ಟಿಮೈಜೇಶನ್ನೂ ಉಳಿಸಲ್ಲ. ಲುಕಪ್ ಪಾಯಿಂಟ್‌ಗಳು ಹಿಂಗ ಅವ ಅಂತ ಇಟ್ಕೋರಿ: ಸಂಗ್ರಹ 0 ಇದ್ರ ಹರವು 0, 20 ಇದ್ರ 10 ಚದರ ಕಿ.ಮೀ., 60 ಇದ್ರ 22, 120 ಇದ್ರ 36, 200 ಇದ್ರ 50. ಸಾಫ್ಟ್‌ವೇರ್ ಎರಡು ಪಾಯಿಂಟ್ ನಡುವ ನೇರ ಗೆರೆ ಎಳೀತದ, ಅಷ್ಟೇ. ಸಂಗ್ರಹ 90 ಬಂದ್ರ ಅದು 60 ಮತ್ತ 120ರ ನಟ್ಟನಡುವ, ಹಂಗಾಗಿ ಹರವು 22 ಮತ್ತ 36ರ ನಟ್ಟನಡುವ, 29. ಮೇ ತಿಂಗಳದಾಗ ಪ್ಯಾನ್ ಆವಿ (ತೆರದ ಅಳತಿ ತಟ್ಟಿಯಿಂದ ಆರಿಹೋಗೋ ನೀರು) ದಿನಕ್ಕ 10 ಮಿ.ಮೀ. ಅಂತ ಹಿಡಿದು ರೂಢಿಯ 0.7 ಗುಣಕ ಹಾಕಿದ್ರ ಜಲಾಶಯದ ಮ್ಯಾಲ 7 ಮಿ.ಮೀ., ಮೂವತ್ತು ದಿನಕ್ಕ 210 ಮಿ.ಮೀ. ಒಂದು ಚದರ ಕಿ.ಮೀ. ಮ್ಯಾಲ ಒಂದು ಮಿ.ಮೀ. ಹೋದ್ರ ಸಾವಿರ ಘನ ಮೀಟರ್ ಹೋದಂಗ, ಅಂದ್ರ 29 ಚದರ ಕಿ.ಮೀ.ನಿಂದ ತಿಂಗಳಿಗೆ ಸುಮಾರು 6 ಮಿಲಿಯನ್ ಘನ ಮೀಟರ್ ಬರೇ ಬಿಸಿಲಿಗೆ ಹೋತು. ನಮ್ಮ ಬಿಸಿಲು ಸಣ್ಣ ಗಿರಾಕಿ ಅಲ್ರಿ. ಬೀದರ್‌ನ ನೌಬಾದ್ ಕಡಿ ಬಹಮನಿ ಕಾಲದ ಕರೇಜ್ ನೋಡಿರಬೇಕು ನೀವು, ನೆಲದ ಕೆಳಗ ಸುರಂಗದಾಗ ಇಳಿಜಾರಿಗೆ ನೀರು ಹರಿಸ್ಯಾರ, ಆ ನೀರಿಗೆ ಬಿಸಿಲೇ ತಾಗಲ್ಲ. ತೆರದ ಜಲಾಶಯಕ್ಕ ಆ ಸೌಲಭ್ಯ ಇಲ್ಲ, ಅದಕ್ಕ ಈ ಲುಕಪ್ ಸರಿ ಇರ್ಬೇಕು.

ಇದರಾಗ ಎರಡು ವಿಷಯ ನೋಡ್ಕೋರಿ. ಹರವಿನ ಗ್ರಾಫ್ ಶುರುವಿನೊಳಗ ಜೋರಾಗಿ ಏರಿ ಆಮೇಲ ಮೆಲ್ಲಗ ಬಾಗ್ತದ, ಬಾಗಿದ ಕಡಿ ನೇರ ಗೆರೆ ಎಳದ್ರ ಆ ಗೆರೆ ಖರೇ ಗ್ರಾಫಿನ ಕೆಳಗ ಬೀಳ್ತದ, ಅಂದ್ರ ಆವಿ ಕಡಿಮಿ ತೋರಿಸ್ತದ. ಹೆಚ್ಚು ಬಾಗಿರೋದು ತಳದಾಗ, ಅಂದ್ರ 0 ದಿಂದ 20ರ ನಡುವ, ಮತ್ತ ಬರಗಾಲದಾಗ ನೀರು ಇರೋದೂ ಅಲ್ಲೇ. ಹಂಗಾಗಿ ಪಾಯಿಂಟ್‌ಗಳನ್ನ ಸಮ ದೂರದಾಗ ಹಾಕೋ ಬದಲಿ ಅಲ್ಲಿ ಮೂರ್ನಾಲ್ಕು ಹೆಚ್ಚಿಗೆ ಹಾಕ್ರಿ. ಇನ್ನೊಂದು, ನಿಮಗ ಬಂದ ವಾರ್ನಿಂಗ್. ವೆನ್‌ಸಿಮ್ ಒಳಗ ಮಾಮೂಲಿ ಲುಕಪ್ ರೇಂಜ್ ದಾಟಿದ್ರ ಕೊನೆ ಪಾಯಿಂಟಿನ ಬೆಲೆಯನ್ನೇ ಹಿಡಕೊಂಡು ಕೂಡ್ತದ, ಸಂಗ್ರಹ 260 ಆದ್ರೂ ಹರವು 50 ಅಂತನೇ ಹೇಳ್ತದ, ಜೊತಿಗೆ ಒಂದು ವಾರ್ನಿಂಗ್ ಕೊಡ್ತದ. ಭಾಳ ಜನ ಆ ವಾರ್ನಿಂಗ್ ಹೋಗ್ಲಿ ಅಂತ ಗ್ರಾಫಿಗೆ 300ರ ತನ ಪಾಯಿಂಟ್ ಸೇರಿಸಿಬಿಡ್ತಾರ ಇಲ್ಲಾ ಲುಕಪ್ ಎಕ್ಸ್‌ಟ್ರಾಪೊಲೇಟ್ ಫಂಕ್ಷನ್ ಹಾಕಿ ಗೆರೆ ಉದ್ದ ಮಾಡ್ತಾರ. ಹಂಗ ಮಾಡಬ್ಯಾಡ್ರಿ. 200ರ ಡ್ಯಾಮಿನಾಗ 260 ನೀರು ಹೆಂಗ ನಿಂತೀತು? ಕೋಡಿ ಹರಿಯೋ ಹರಿವನ್ನ ನೀವು ಹಾಕಿಲ್ಲ ಅಂತ ಆ ವಾರ್ನಿಂಗ್ ಹೇಳಾಕತ್ತದ. ಕೆಳಗಿನ ಕಡಿ ವಾರ್ನಿಂಗ್ ಬಂದ್ರ ಇನ್ನೂ ಗಂಭೀರ, ಸಂಗ್ರಹ ಸೊನ್ನೆಗಿಂತ ಕೆಳಗ ಹೋಗ್ಯದ, ಅಂದ್ರ ಇಲ್ಲದ ನೀರನ್ನ ಕಾಲುವಿಗೆ ಬಿಟ್ಟೀರಿ. ಬಿಡುಗಡೆಗೆ ಒಂದು ಮಿನ್ (ಎರಡರಾಗ ಸಣ್ಣದನ್ನ ಆರಿಸೋ ಫಂಕ್ಷನ್) ಹಾಕ್ರಿ, ಸಂಗ್ರಹವನ್ನ ಟೈಮ್ ಸ್ಟೆಪ್‌ನಿಂದ (ಮಾಡೆಲ್ ಒಂದು ಸಲಕ್ಕ ದಾಟೋ ಕಾಲ) ಭಾಗಿಸಿದ್ದಕ್ಕಿಂತ ಹೆಚ್ಚು ಬಿಡಬಾರದು ಅಂತ. ಆಪ್ಟಿಮೈಜೇಶನ್ ಶುರು ಮಾಡೋಕಿಂತ ಮುಂಚೆ ಒಂದೂ ವಾರ್ನಿಂಗ್ ಇರಬಾರದು, ಇದು ನನ್ನ ಕಟ್ಟುನಿಟ್ಟಿನ ನಿಯಮ, ಯಾಕಂದ್ರ ಆಪ್ಟಿಮೈಜರ್ ಸಾವಿರಾರು ರನ್ ಮಾಡ್ತದ, ಮಾಡೆಲ್‌ನಾಗ ಎಲ್ಲೇ ಸೋರೋ ಸಂದಿ ಇದ್ರೂ ಹುಡುಕಿ ಅಲ್ಲಿಂದ ಪುಕ್ಕಟೆ ನೀರು ತರ್ತದ, ಆಮೇಲ ಇದೇ ಅತ್ಯುತ್ತಮ ನೀತಿ ಅಂತ ನಿಮ್ಮ ಕೈಗೆ ಕೊಡ್ತದ.

ಒಳಹರಿವಿನ ಲುಕಪ್‌ನಾಗ ಎಲ್ಲರೂ ಮಾಡೋ ತಪ್ಪು ಒಂದದ, ನೀವೂ ಮಾಡೀರೇನೋ ನೋಡ್ಕೋರಿ. ಗ್ರಾಫಿಗೆ 1 ರಿಂದ 12 ತಿಂಗಳು ಹಾಕಿ ಮಾಡೆಲ್ ಹತ್ತು ವರ್ಷ ಓಡಿಸ್ತಾರ, ಟೈಮ್ 12 ದಾಟಿದ ಕೂಡ್ಲೇ ಲುಕಪ್ ಡಿಸೆಂಬರ್ ಬೆಲೆ ಹಿಡಕೊಂಡು ಕೂತುಬಿಡ್ತದ, ಎರಡನೇ ವರ್ಷದಿಂದ ಮುಂಗಾರೇ ಇಲ್ಲ. ಟೈಮನ್ನ ಮಾಡ್ಯುಲೊ (ಭಾಗಿಸಿ ಉಳದ ಶೇಷ ಕೊಡೋ) ಫಂಕ್ಷನ್‌ನಿಂದ 12ಕ್ಕ ಸುತ್ತಿಸ್ರಿ, 0 ದಿಂದ 12 ಅಂತ. ತಿಂಗಳ ಬೆಲೆಯನ್ನ ತಿಂಗಳ ನಡುವ ಇಡ್ರಿ, ಜನವರಿ 0.5, ಫೆಬ್ರವರಿ 1.5, ಹಿಂಗ 11.5ರ ತನ, ಮತ್ತ ಹಿಂದಮುಂದ ಒಂದೊಂದು ಪಾಯಿಂಟ್, ಮೈನಸ್ 0.5ಕ್ಕ ಡಿಸೆಂಬರ್, 12.5ಕ್ಕ ಜನವರಿ, ಇಲ್ಲಾಂದ್ರ ವರ್ಷ ತಿರುಗೋ ಕಡಿ ಗೆರೆ ಕಡೀತದ. ಇಷ್ಟು ಮಾಡಿದ್ರೂ ಒಂದು ಸೂಕ್ಷ್ಮ ಉಳೀತದ. ನೇರ ಗೆರೆ ಅಂದ್ರ ಪಕ್ಕದ ತಿಂಗಳ ಜೊತಿ ಬೆರೆಸೋದು, ಲೆಕ್ಕ ಹಾಕಿದ್ರ ಒಂದು ತಿಂಗಳ ಸರಾಸರಿ ಅನ್ನೋದು ಆ ತಿಂಗಳ ಬೆಲೆಯ ಆರು ಪಾಲು, ಹಿಂದಿನದ್ದರ ಒಂದು ಪಾಲು, ಮುಂದಿನದ್ದರ ಒಂದು ಪಾಲು ಕೂಡಿಸಿ ಎಂಟರಿಂದ ಭಾಗಿಸಿದ್ದು. ಜುಲೈ 20, ಆಗಸ್ಟ್ 40, ಸೆಪ್ಟೆಂಬರ್ 28 ಇದ್ರ ಆಗಸ್ಟಿಗೆ ನಿಮ್ಮ ಮಾಡೆಲ್‌ನಾಗ ಬರೋದು 36. ವರ್ಷದ ಒಟ್ಟು ಹೆಚ್ಚುಕಡಿಮಿ ಆಗಲ್ಲ, ಆದ್ರ ಶಿಖರ ತಗ್ಗಾಗ್ತದ, ಕೋಡಿ ಹರಿಯೋದು ಕಡಿಮಿ ಆಗ್ತದ, ಜಲಾಶಯ ಖರೇಕ್ಕಿಂತ ಹೆಚ್ಚು ಹಿಡದಂಗ ತೋರಿಸ್ತದ. ಅದು ಬ್ಯಾಡ ಅಂದ್ರ ಮೆಟ್ಟಿಲು ಮೆಟ್ಟಿಲಾಗಿ ಹೋಗೋ ಲುಕಪ್ ಬ್ಯಾಕ್‌ವರ್ಡ್ ಬಳಸ್ರಿ, ಆಗ ಪಾಯಿಂಟ್‌ಗಳನ್ನ ತಿಂಗಳ ಶುರುವಿಗೆ ಇಡಬೇಕು.

ಮತ್ತ ಇನ್ನೂ ದೊಡ್ಡ ಮಾತು, ಸರಾಸರಿ ವರ್ಷದ ಹನ್ನೆರಡು ನಂಬರ್ ಹಾಕಿ ಆಪ್ಟಿಮೈಜ್ ಮಾಡಬ್ಯಾಡ್ರಿ. ನಮ್ಮ ಕಲ್ಯಾಣ ಕರ್ನಾಟಕದಾಗ ಸರಾಸರಿ ಮಳಿ ಅಂತ ಯಾವ ವರ್ಷನೂ ಬರಲ್ಲ, ಒಂದು ವರ್ಷ ಹೊಲಾ ಎಲ್ಲಾ ಕೊಚ್ಚಿ ಹೋಗೋ ಹಂಗ ಬರ್ತದ, ಮುಂದಿನ ವರ್ಷ ತೊಗರಿ ಹೂವಿನಾಗ ನಿಂತಾಗ ಒಂದು ಹನಿ ಇರಲ್ಲ. ಸರಾಸರಿ ತೆಗದ್ರ ಬರಗಾಲನೇ ಮಾಡೆಲ್‌ನಿಂದ ಮಾಯ, ಬರಗಾಲ ಇಲ್ಲದ ಕಡಿ ನೀರು ಉಳಿಸೋ ನೀತಿಗೆ ಬೆಲೆನೇ ಇರಲ್ಲ, ಆಪ್ಟಿಮೈಜರ್ ಎಲ್ಲಾ ಬಿಡ್ರಿ ಅಂತ ಹೇಳ್ತದ. ಸಿಗೋವಷ್ಟು ವರ್ಷದ ಖರೇ ದಾಖಲೆ ಸಾಲಾಗಿ ಹಾಕ್ರಿ, ಕೆಟ್ಟ ವರ್ಷ ಅದರಾಗ ಇರಲೇಬೇಕು.

ಈಗ ಮುಖ್ಯ ವಿಷಯಕ್ಕ ಬರ್ತೀನಿ, ಬಿಡುಗಡೆ ಲುಕಪ್. ಆಪ್ಟಿಮೈಜರ್ ಹುಡುಕೋದು ಕಾನ್‌ಸ್ಟಂಟ್ ನಂಬರ್‌ಗಳನ್ನ, ಗ್ರಾಫಿನ ಆಕಾರವನ್ನಲ್ಲ, ಅದಕ್ಕೇ ಪಟ್ಟಿಯೊಳಗ ನಿಮ್ಮ ಲುಕಪ್ ಕಾಣಲಿಲ್ಲ. ನೀವು ಗುಣಕ ಹಾಕಿದ್ರಿ, ಯೋಚನಿ ಸರಿ ಅದ, ಆದ್ರ ಏನಾತು ನೋಡ್ರಿ. ಬಿಡುಗಡೆ ಬೇಡಿಕಿಗಿಂತ ಹೆಚ್ಚಾಗಬಾರದು ಅಂತ ನೀವೇ ಮುಂದ ಮಿನ್ ಹಾಕಿರ್ತೀರಿ. ಗುಣಕ 1.4 ಆದಾಗಲೇ ಎಲ್ಲಾ ತಿಂಗಳೂ ಬೇಡಿಕಿ ಮುಟ್ಟಿಬಿಟ್ರ 1.9 ಆದ್ರೂ ಬಿಡೋದು ಅಷ್ಟೇ, ಪೇಆಫ್ (ಒಂದು ರನ್ ಎಷ್ಟು ಚಲೋ ಅಂತ ಆಪ್ಟಿಮೈಜರ್ ಅಳಿಯೋ ಅಂಕ) ಒಂದಿಷ್ಟೂ ಬದಲಾಗಲ್ಲ. ವೆನ್‌ಸಿಮ್ ಒಳಗ ಇರೋದು ಪವೆಲ್ ವಿಧಾನ, ಗಣಿತಜ್ಞ ಎಂ.ಜೆ.ಡಿ. ಪವೆಲ್ 1964ರಾಗ ಕೊಟ್ಟಿದ್ದು, ಡೆರಿವೇಟಿವ್ ಲೆಕ್ಕ ಹಾಕದೇ ಒಂದೊಂದು ದಿಕ್ಕು ಹಿಡಿದು ಎತ್ತರ ಸಿಗೋ ಕಡಿ ಹೋಗ್ತದ. ಸಪಾಟಾದ ಕಡಿ ಅದಕ್ಕ ದಿಕ್ಕೇ ತಿಳಿಯಲ್ಲ, ನಮ್ಮ ಎರಿ ಬಯಲಿನಾಗ ನಿಂತು ಎತ್ತರ ಯಾವ ಕಡಿ ಅದ ಅಂತ ಕೇಳಿದಂಗ, ನಿಂತಲ್ಲೇ ನಿಲ್ತದ. ಅದಕ್ಕ ಶುರು ಎಲ್ಲಿ ಮಾಡಿದ್ರೋ ಅದರ ಹತ್ತಿರನೇ ಉತ್ತರ ಬಂತು. ಹಿಂಗಾದಾಗ ಪ್ಯಾರಾಮೀಟರ್ ನಂಬರ್ ನೋಡೋಕಿಂತ ಮುಂಚೆ ಪೇಆಫ್ ನಂಬರ್ ನೋಡ್ರಿ. ಎರಡೂ ರನ್ನಿನ ಪೇಆಫ್ ಒಂದೇ ಇದ್ರ ಬಯಲು ಅಂತ ಅರ್ಥ, ಆ ಪ್ಯಾರಾಮೀಟರ್‌ಗೆ ಕೆಲಸನೇ ಇಲ್ಲ, ಮಾಡೆಲ್ ತಿದ್ದಬೇಕು. ಪೇಆಫ್ ಬ್ಯಾರೆ ಬ್ಯಾರೆ ಇದ್ರ ಒಂದಕ್ಕಿಂತ ಹೆಚ್ಚು ದಿಬ್ಬ ಅವ ಅಂತ ಅರ್ಥ, ಆಗ ಮಲ್ಟಿಪಲ್ ಸ್ಟಾರ್ಟ್ ಆನ್ ಮಾಡಿ ಬ್ಯಾರೆ ಬ್ಯಾರೆ ಕಡಿಯಿಂದ ಶುರು ಮಾಡಿಸಬೇಕು. ನಿಮ್ಮದು ಮೊದಲನೇದು ಅಂತ ನನಗ ಅನಿಸ್ತದ, ಆದ್ರೂ ಖಾತ್ರಿ ಮಾಡ್ಕೋರಿ.

ಹಂಗಾದ್ರ ಲುಕಪ್ ಅನ್ನ ಹೆಂಗ ಬರೀಬೇಕು? ಮೊದಲ ಎರಡೂ ಕಡಿ ಅಳತಿಯ ಯೂನಿಟ್ ತೆಗದುಹಾಕ್ರಿ. ಅಡ್ಡ ಗೆರೆ ಮ್ಯಾಲ ಸಂಗ್ರಹವನ್ನ ತುಂಬಿದ ಸಂಗ್ರಹದಿಂದ ಭಾಗಿಸಿ ಪಾಲು ಇಡ್ರಿ, 0 ದಿಂದ 1. ಉದ್ದ ಗೆರೆ ಮ್ಯಾಲ ಬಿಡುಗಡೆಯನ್ನ ಬೇಡಿಕಿಯಿಂದ ಭಾಗಿಸಿ ಪಾಲು ಇಡ್ರಿ, ಅದೂ 0 ದಿಂದ 1. ಈಗ ಆ ಗ್ರಾಫಿನ ಅರ್ಥ ರೈತರಿಗೂ ಹೇಳಬಹುದು, ಡ್ಯಾಮ್ ಅರ್ಧ ಇದ್ದಾಗ ಕೇಳಿದ್ದರಾಗ ಎಷ್ಟು ಕೊಡ್ತೀವಿ ಅಂತ. ಆಮೇಲ ಆ ಗ್ರಾಫನ್ನೇ ತೆಗದು ಎರಡು ನಂಬರ್ ಇಡ್ರಿ. ಒಂದು ಕೆಳಮಿತಿ, ಸಂಗ್ರಹ ಅದಕ್ಕಿಂತ ಕಡಿಮಿ ಆದ್ರ ಕಾಲುವಿ ಬಂದ್. ಇನ್ನೊಂದು ಅಗಲ, ಕೆಳಮಿತಿಯಿಂದ ಎಷ್ಟು ಮ್ಯಾಲ ಹೋದ್ರ ಪೂರಾ ಬೇಡಿಕಿ ಕೊಡ್ತೀವಿ ಅಂತ. ಬಿಡುಗಡೆ ಪಾಲು ಅಂದ್ರ ಸಂಗ್ರಹದ ಪಾಲಿನಿಂದ ಕೆಳಮಿತಿ ಕಳದು ಅಗಲದಿಂದ ಭಾಗಿಸಿದ್ದು, ಸೊನ್ನೆಗಿಂತ ಕೆಳಗ ಒಂದಕ್ಕಿಂತ ಮ್ಯಾಲ ಹೋಗದಂಗ ಮ್ಯಾಕ್ಸ್ ಮಿನ್ ಹಾಕಿದ್ದು. ಕೆಳಮಿತಿ 0.15, ಅಗಲ 0.35 ಇದ್ರ ಸಂಗ್ರಹ 0.325 ಇದ್ದಾಗ ಅರ್ಧ ಬೇಡಿಕಿ ಸಿಗ್ತದ, 0.5 ದಾಟಿದ್ರ ಪೂರಾ. ಮ್ಯಾಲಿನ ಮಿತಿ ಅಂತ ನೇರ ಕೊಡದೇ ಅಗಲ ಅಂತ ಯಾಕ ಕೊಟ್ಟೆ ಅಂದ್ರ, ಎರಡು ಮಿತಿ ಬಿಟ್ರ ಆಪ್ಟಿಮೈಜರ್ ಹುಡುಕೋವಾಗ ಕೆಳಗಿನದನ್ನ ಮ್ಯಾಲಿನದರ ಮ್ಯಾಲ ಒಯ್ದು ಗ್ರಾಫ್ ತಲಿಕೆಳಗ ಮಾಡ್ತದ, ಅಗಲಕ್ಕ 0.02 ರಿಂದ 0.8 ಅಂತ ಬೇಲಿ ಹಾಕಿದ್ರ ಆ ಸಮಸ್ಯೆನೇ ಬರಲ್ಲ. ಇನ್ನೊಂದು ಮಾತು, ಆಗಸ್ಟಿನಾಗ ಡ್ಯಾಮ್ 40 ಪರ್ಸೆಂಟ್ ಇರೋದಕ್ಕೂ ಜನವರಿಯಾಗ 40 ಪರ್ಸೆಂಟ್ ಇರೋದಕ್ಕೂ ಭೂಮಿ ಆಕಾಶದ ಫರಕ್, ಆಗಸ್ಟಿನಾಗ ಮುಂದ ಮಳಿ ಇನ್ನೂ ಅದ, ಜನವರಿಯಾಗ ಮುಂದ ಬರೇ ಬ್ಯಾಸಗಿ. ಹಂಗಾಗಿ ಮುಂಗಾರಿಗೊಂದು ಜೋಡಿ ಹಿಂಗಾರಿಗೊಂದು ಜೋಡಿ ಇಡ್ರಿ. ಒಟ್ಟು ನಾಕು ನಂಬರ್, ನಾಕಕ್ಕೂ ಅರ್ಥ ಅದ, ವೈವಾ ಒಳಗ ಬೆರಳಿಟ್ಟು ತೋರಿಸಬಹುದು.

ಗ್ರಾಫ್ ಬಾಗಿರಲೇಬೇಕು ಅಂದ್ರ ದಾರಿ ಅವ. ಆ ಪಾಲಿಗೆ ಒಂದು ಘಾತ ಹಾಕಿ ಘಾತವನ್ನ ಹುಡುಕಿಸಬಹುದು, 1ಕ್ಕಿಂತ ಹೆಚ್ಚಿದ್ರ ಕೈ ಬಿಗಿ, ಕಡಿಮಿ ಇದ್ರ ಕೈ ಸಡಿಲ. ಎರಡು ಲುಕಪ್ ಬರದು, ಒಂದು ಅತಿ ಬಿಗಿ ಒಂದು ಅತಿ ಸಡಿಲ, ಅವೆರಡನ್ನ ಒಂದು ತೂಕದಿಂದ ಬೆರೆಸಿ ಆ ತೂಕ ಹುಡುಕಿಸಬಹುದು, ಇದು ನನಗ ಇಷ್ಟದ ವಿಧಾನ, ಯಾಕಂದ್ರ ಎರಡೂ ಕೊನೆ ನೀವೇ ಬರದಿರ್ತೀರಿ, ಆಪ್ಟಿಮೈಜರ್ ಅದರಾಚೆ ಹೋಗಾಕ ಆಗಲ್ಲ. ಪಾಯಿಂಟ್ ಪಾಯಿಂಟ್ ಬೇಕೇ ಬೇಕು ಅಂದ್ರ ಬೆಲೆ ಕೊಡಬ್ಯಾಡ್ರಿ, ಏರಿಕೆ ಕೊಡ್ರಿ, ಒಂದರ ಮ್ಯಾಲ ಒಂದು ಕೂಡಿಸಿದ ಏರಿಕೆ, ಎಲ್ಲಾ ಸೊನ್ನೆ ಇಲ್ಲಾ ಅದಕ್ಕಿಂತ ಮ್ಯಾಲ. ಆಗ ಗ್ರಾಫ್ ಎಂದೂ ಕೆಳಗ ಬಾಗಲ್ಲ. ಆದ್ರ ಹತ್ತು ಹನ್ನೆರಡು ಪಾಯಿಂಟ್ ಬಿಟ್ರ ಒಂದು ತೊಂದರಿ ಅದ, ನಿಮ್ಮ ಜಲಾಶಯ ಎಂದೂ 0.85ರ ಮ್ಯಾಲ ಹೋಗೇ ಇಲ್ಲ ಅಂದ್ರ ಅಲ್ಲಿನ ಪಾಯಿಂಟ್ ಏನಿದ್ರೂ ಪೇಆಫ್‌ಗೆ ಗೊತ್ತಾಗಲ್ಲ, ಆಪ್ಟಿಮೈಜರ್ ಅಲ್ಲಿ ಬಾಯಿಗೆ ಬಂದ ನಂಬರ್ ಬಿಟ್ಟಿರ್ತದ, ನೀವು ಅದನ್ನ ನೀತಿ ಅಂತ ವರದಿಯೊಳಗ ಅಚ್ಚು ಹಾಕ್ತೀರಿ. ಒಂದು ರನ್ ಮಾಡಿ ಸಂಗ್ರಹದ ಪಾಲು ಯಾವ ರೇಂಜಿನಾಗ ಎಷ್ಟು ತಿಂಗಳು ಇತ್ತು ಅಂತ ಎಣಿಸಿ ನೋಡ್ರಿ, ನೀರು ಹೋಗದ ಜಾಗದಾಗ ಪಾಯಿಂಟ್ ಇಡಬ್ಯಾಡ್ರಿ.

ಇಷ್ಟು ಆದ ಮ್ಯಾಲ ಪೇಆಫ್. ನೀವು ಏನು ಬರದೀರಿ ಅಂತ ಹೇಳಿಲ್ಲ, ಸಾಮಾನ್ಯವಾಗಿ ಎಲ್ಲರೂ ಕೊರತೆಯ ಮೊತ್ತ ಅಂತ ಬರೀತಾರ. ಅದರಾಗ ಒಂದು ಅನ್ಯಾಯ ಅಡಗ್ಯದ. ಒಂದು ತಿಂಗಳು ಪೂರಾ ನೀರು ಇಲ್ಲ ಅಂದ್ರ ಕೊರತೆ 1. ಹತ್ತು ತಿಂಗಳು ಹತ್ತು ಪರ್ಸೆಂಟ್ ಕಡಿಮಿ ಅಂದ್ರೂ ಮೊತ್ತ 1. ಲೆಕ್ಕದಾಗ ಎರಡೂ ಒಂದೇ, ಆದ್ರ ಬೆಳಿಗೆ ಒಂದೇನ್ರಿ? ಹತ್ತು ಪರ್ಸೆಂಟ್ ಕಡಿಮಿ ಬಂದ್ರ ಬಿಳಿಜೋಳ ತಡಕೊಳ್ತದ, ಒಂದು ತಿಂಗಳು ಪೂರಾ ಬಂದ್ ಆದ್ರ ಹೊಲ ಹೋಗ್ತದ. ಕೊರತೆಯ ವರ್ಗ ತೆಗದು ಕೂಡಿಸ್ರಿ, ಆಗ ಮೊದಲನೇದು 1, ಎರಡನೇದು 0.1. ಡ್ಯಾಮ್ ತುಂಬಿರೋವಾಗಲೇ ಸ್ವಲ್ಪ ಕೈ ಹಿಡಿಯೋ ನೀತಿ ಯಾಕ ಗೆಲ್ತದ ಅನ್ನೋದಕ್ಕ ಗಣಿತ ಇದೇ. ಮೊತ್ತ ಮಾತ್ರ ಇಟ್ರ ಆಪ್ಟಿಮೈಜರ್‌ಗೆ ಉಳಿಸೋ ಕಾರಣನೇ ಇರಲ್ಲ, ಉಳಿಸಿದ ನೀರು ಆವಿನೂ ಆಗ್ತದ ಅಲ್ಲ, ಹಂಗಾಗಿ ಇವತ್ತೇ ಕೊಟ್ಟುಬಿಡು ಅಂತದ.

ಕುಡಿಯೋ ನೀರನ್ನ ಪೇಆಫ್ ತೂಕದಾಗ ತರಲೇಬ್ಯಾಡ್ರಿ. ಅದನ್ನ ಮೊದಲ ತೆಗದಿಟ್ಟು ಉಳದದ್ದರ ಮ್ಯಾಲ ಕಾಲುವಿ ನೀತಿ ಹುಡುಕಿಸ್ರಿ. 2002ರ ರಾಷ್ಟ್ರೀಯ ಜಲ ನೀತಿಯೊಳಗೂ ಹಂಚಿಕಿಯಲ್ಲಿ ಕುಡಿಯೋ ನೀರಿಗೇ ಮೊದಲ ಸ್ಥಾನ ಇತ್ತು, ನೀರಾವರಿ ಆಮೇಲ. ತೂಕ ಹಾಕಿದ್ರ ಏನಾಗ್ತದ, ಎಲ್ಲೋ ಒಂದು ಕಡಿ ಕಬ್ಬಿನ ಲಾಭ ಮೇ ತಿಂಗಳ ಕೊಡಪಾನಕ್ಕ ಸಮ ಅಂತ ಲೆಕ್ಕ ಒಪ್ಪಿಬಿಡ್ತದ. ಅಂಥ ಲೆಕ್ಕಕ್ಕ ನಾನಂತೂ ಸಹಿ ಹಾಕಲ್ಲ.

ಬೆಳಿ ಇಳುವರಿ ಸೇರಿಸೋದಿದ್ರ ಅಲ್ಲಿ ಲುಕಪ್ ಬ್ಯಾಡ ಅಂತನೇ ಹೇಳ್ತೀನಿ. ವಿಶ್ವಸಂಸ್ಥೆಯ ಆಹಾರ ಮತ್ತ ಕೃಷಿ ಸಂಸ್ಥೆ ಎಫ್‌ಎಒ 1979ರಾಗ ಕೊಟ್ಟ ಸೂತ್ರ ಅದ, ಬೆಳಿಗೆ ಸಿಗಬೇಕಾದ ನೀರಿನಾಗ ಎಷ್ಟು ಪಾಲು ಕಡಿಮಿ ಆತೋ ಅದಕ್ಕ ಒಂದು ಗುಣಕ ಹಾಕಿದ್ರ ಇಳುವರಿ ಎಷ್ಟು ಪಾಲು ಕಡಿಮಿ ಅಂತ ಸಿಗ್ತದ, ಪೂರಾ ಹಂಗಾಮಿಗೆ ಜೋಳಕ್ಕ 0.9, ಕಬ್ಬಿಗೆ 1.2. ನೀರು 30 ಪರ್ಸೆಂಟ್ ಕಡಿಮಿ ಆದ್ರ ಜೋಳ 27 ಕಡಿಮಿ, ಕಬ್ಬು 36 ಕಡಿಮಿ. ಇಲ್ಲಿ ನೀರು ಅಂದ್ರ ಕಾಲುವಿದಷ್ಟೇ ಅಲ್ಲ, ಮಳಿ ಮತ್ತ ನಮ್ಮ ಎರಿ ಮಣ್ಣು ಹಿಡಕೊಂಡ ಹಸಿ ಎಲ್ಲಾ ಸೇರಿ ಬೆಳಿ ಕುಡದದ್ದು. ಆದ್ರ ಈ ಸೂತ್ರ ಕೊರತೆ ಅರ್ಧದ ತನ ಮಾತ್ರ ನಂಬೋ ಹಂಗದ, ಅದನ್ನ ಕೊನೆತನ ಎಳದ್ರ ಒಂದು ಹನಿ ನೀರಿಲ್ಲದೇನೂ ಜೋಳ 10 ಪರ್ಸೆಂಟ್ ಬರ್ತದ ಅಂತ ಹೇಳ್ತದ. ನಿಮ್ಮ ರನ್ನಿನಾಗ ಕೊರತೆ ಅರ್ಧ ದಾಟ್ತದ ಅಂದ್ರ ಆಗ ಬೇಕಾದ್ರ ಲುಕಪ್ ಬರೀರಿ, ಅರ್ಧದ ತನ ಸೂತ್ರದ ಗೆರೆ, ಆಮೇಲ ಸೊನ್ನೆಗೆ ಇಳಿಯೋ ಗೆರೆ.

ಇನ್ನೊಂದು ನೀವು ಖಂಡಿತ ನೋಡ್ತೀರಿ, ಆಪ್ಟಿಮೈಜರ್ ಕೊಡೋ ಕೆಳಮಿತಿ ಯಾಕೋ ಭಾಳ ತಗ್ಗು ಬರ್ತದ ಅಂತ ಅನಿಸ್ತದ. ಸಿಮ್ಯುಲೇಶನ್ ಮುಗದ ಮರುದಿನದ ನೀರಿಗೆ ಪೇಆಫ್‌ನಾಗ ಬೆಲೆ ಇಲ್ಲ, ಹಂಗಾಗಿ ಕೊನೆಗೆ ಡ್ಯಾಮ್ ಬರಿದು ಮಾಡೋದೇ ಲಾಭ ಅಂತ ಅದಕ್ಕ ಕಾಣ್ತದ. ಕೊನೆ ಒಂದೆರಡು ವರ್ಷ ಪೇಆಫ್ ಲೆಕ್ಕದಿಂದ ಹೊರಗಿಟ್ರೂ ಪೂರಾ ಗುಣ ಆಗಲ್ಲ, ಕೊನೆ ಸಂಗ್ರಹ ಶುರುವಿನ ಸಂಗ್ರಹಕ್ಕಿಂತ ಎಷ್ಟು ಕಡಿಮಿ ಆತೋ ಅದಕ್ಕೂ ಒಂದು ದಂಡ ಹಾಕ್ರಿ.

ಟೈಮ್ ಸ್ಟೆಪ್ ಬಗ್ಗೆ ಚಿಕ್ಕದಾಗಿ. ಲುಕಪ್, ಮ್ಯಾಕ್ಸ್, ಮಿನ್ ಎಲ್ಲಾ ಮೂಲೆ ಮೂಲೆ ಇರೋ ಫಂಕ್ಷನ್‌ಗಳು, ತಿಂಗಳಿಗೊಂದೇ ಸ್ಟೆಪ್ ಇಟ್ರ ಪೇಆಫ್ ಗರಗಸದಂಗ ಆಗ್ತದ. ಆಯ್ಲರ್ ವಿಧಾನ (ಒಂದೊಂದು ಸ್ಟೆಪ್ಪಿನ ಹರಿವು ಕೂಡಿಸ್ತಾ ಹೋಗೋ ಲೆಕ್ಕ) ಇಟ್ಕೊಂಡು ಸ್ಟೆಪ್ 0.125 ತಿಂಗಳು ಇಡ್ರಿ, ಆಮೇಲ ಅರ್ಧ ಮಾಡಿ ನೋಡ್ರಿ, ಉತ್ತರ ಹೆಚ್ಚು ಅಲುಗಾಡದಿದ್ರ ಸಾಕು.

ಮನಿಯೊಳಗ ಫ್ರೀ ವರ್ಶನ್ ಅಂದ್ರಲ್ಲ, ಅದರ ಹೆಸರು ವೆನ್‌ಸಿಮ್ ಪಿಎಲ್‌ಇ, ಅದರೊಳಗ ಆಪ್ಟಿಮೈಜರ್ ಸಿಗಲ್ಲ, ಆದ್ರ ಕೈ ಚೆಲ್ಲಬ್ಯಾಡ್ರಿ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯೊಳಗ ಪೈಎಸ್‌ಡಿ ಅಂತ ಒಂದು ಲೈಬ್ರರಿ ಅದ, ಪುಕ್ಕಟೆ, ಅದು ನಿಮ್ಮ ವೆನ್‌ಸಿಮ್ ಮಾಡೆಲ್ ಫೈಲನ್ನೇ ಓದಿ ಪೈಥಾನ್ ಒಳಗ ಓಡಿಸ್ತದ. ಪ್ಯಾರಾಮೀಟರ್ ಕೊಟ್ಟು ರನ್ ಮಾಡಿ ಪೇಆಫ್ ವಾಪಸ್ ಕೊಡೋ ಒಂದು ಸಣ್ಣ ಫಂಕ್ಷನ್ ಬರದು ಸೈಪೈ ಅನ್ನೋ ಪೈಥಾನ್ ಗಣಿತ ಲೈಬ್ರರಿ ಕೈಗೆ ಕೊಡ್ರಿ, ಅದರಾಗ ಪವೆಲ್ ವಿಧಾನನೂ ಅದ, ದಿಬ್ಬ ಭಾಳ ಇದ್ದಾಗ ಉಪಯೋಗಕ್ಕ ಬರೋ ಡಿಫರೆನ್ಶಿಯಲ್ ಎವಲ್ಯೂಶನ್ನೂ ಅದ. ಸೈಪೈ ಯಾವಾಗ್ಲೂ ಕನಿಷ್ಠ ಹುಡುಕ್ತದ, ಹೆಚ್ಚು ಬೇಕಿದ್ರ ಪೇಆಫ್ ಮುಂದ ಮೈನಸ್ ಹಾಕ್ರಿ. ಲುಕಪ್ಪನ್ನ ನೀವೇ ಪೈಥಾನ್‌ನ ನಂಪೈ ಲೈಬ್ರರಿಯ ಇಂಟರ್ಪ್ ಫಂಕ್ಷನ್‌ನಿಂದ ಬರದ್ರ ಅದೂ ಕೊನೆಗಳಲ್ಲಿ ಬೆಲೆ ಹಿಡಕೊಂಡೇ ಕೂಡ್ತದ, ಆದ್ರ ವಾರ್ನಿಂಗ್ ಕೊಡಲ್ಲ, ಮತ್ತ ಅಡ್ಡ ಗೆರೆ ಪಾಯಿಂಟ್‌ಗಳು ಏರಿಕೆ ಕ್ರಮದಾಗ ಅವೋ ಇಲ್ಲೋ ಅಂತನೂ ನೋಡಲ್ಲ, ಕ್ರಮ ತಪ್ಪಿದ್ರ ಸುಮ್ನ ತಪ್ಪು ಉತ್ತರ ಕೊಡ್ತದ. ಅದಕ್ಕ ಲ್ಯಾಬ್‌ನ ವೆನ್‌ಸಿಮ್ ರನ್ ಒಂದು, ಮನಿಯ ಪೈಥಾನ್ ರನ್ ಒಂದು, ಅವೇ ಪ್ಯಾರಾಮೀಟರ್ ಹಾಕಿ ಸಂಗ್ರಹದ ಗೆರೆ ಹೊಂದ್ತದೇನು ಅಂತ ನೋಡಿದ ಮ್ಯಾಲೇ ಮುಂದ ಹೋಗ್ರಿ.

ಗೈಡಿಗೆ ತೋರಿಸಾಕ ಒಂದು ಪ್ಲಾಟ್ ಮಾಡ್ಕೋರಿ. ಇರೋ ವರ್ಷಗಳನ್ನ ಎರಡು ಭಾಗ ಮಾಡಿ, ಒಂದರ ಮ್ಯಾಲ ಆ ನಾಕು ನಂಬರ್ ಹುಡುಕಿಸಿ, ಇನ್ನೊಂದರ ಮ್ಯಾಲ ಹುಡುಕಿಸದೇ ಬರೇ ಓಡಿಸಿ, ಈಗಿನ ನೀತಿ ಮತ್ತ ನಿಮ್ಮ ನೀತಿ ಎರಡರ ಕೊರತೆ ಪಕ್ಕಪಕ್ಕ ಇಡ್ರಿ. ಎರಡನೇ ಭಾಗದಾಗೂ ಒಂದು ಬರಗಾಲ ಇರೋ ಹಂಗ ನೋಡ್ಕೋರಿ. ಅಲ್ಲಿ ನಿಮ್ಮ ನೀತಿ ಸೋತ್ರ ಹಿಂಗಾರಿನ ಕೆಳಮಿತಿಯಿಂದ ಹುಡುಕಾಕ ಶುರು ಮಾಡ್ರಿ, ಹೆಚ್ಚಾಗಿ ಅಲ್ಲೇ ಇರ್ತದ. ನಾಕು ನಂಬರ್ ಎಷ್ಟೆಷ್ಟು ಬಂದ್ವು ಅಂತ ಮತ್ತ ಬರದು ತಿಳಿಸ್ರಿ, ಕೂಡೇ ನೋಡೋಣ.